ನೀರಿಗೆ ಹಾಕಿದ ಕೊನೆಯ ರೀಲು

ಏಪ್ರಿಲ್ 7, ಸೋಮವಾರ

ನಮ್ಮ ಫಿಲ್ಮು ಭಂಡಾರದಲ್ಲಿ ಬೆಳಿಗ್ಗೆಯಿಂದ ಡಬ್ಬಿ ಮೂಸುವ ಕೆಲಸ. ಮುಚ್ಚಳ ಎತ್ತು, ಮೂಸು, ಮುಖ ಸಿಂಡರಿಸು, ಮುಚ್ಚು. ಹಳೆಯ ಫಿಲ್ಮು ಕೆಡುವಾಗ ಮೊದಲು ಹುಳಿ ವಾಸನೆ, ಆಮೇಲೆ ಒಗೆಯದ ಕಾಲುಚೀಲದ ವಾಸನೆ. ನಮ್ಮ ಕೆಮಿಸ್ಟ್ ಇದರಲ್ಲಿ ನಿಸ್ಸೀಮ, ಅದಕ್ಕೇ ಮೂಗಣ್ಣ ಎಂದು ಹೆಸರು. ಮನೆಯಿಂದ ತಂದ ಊಟವನ್ನೂ ಮೂಸಿಯೇ ಬಾಯಿಗಿಡುವುದು.

ಕೆಡವಿದ ಟಾಕೀಸೊಂದರ ಗೋದಾಮಿನಿಂದ ಎಂಟು ಡಬ್ಬಿ ಬಂದಿವೆ. ಚೀಟಿಗಳೆಲ್ಲ ಉದುರಿಹೋಗಿವೆ. ಒಂದರ ತುದಿ ಬಿಡಿಸಿ ಬೆಳಕಿಗೆ ಹಿಡಿದೆ. ಬಾವಿಕಟ್ಟೆ, ಹೆಂಗಸು, ಕೈಯಲ್ಲಿ ಹರಿದ ಕಾಗದ... ಇದು ನಾನು ಓದಿದ ದೃಶ್ಯ. ಆ ಕಾದಂಬರಿ. ಆ ಕಾದಂಬರಿಯ ಮೂಕಿ ಚಿತ್ರ. ಐವತ್ತು ವರ್ಷದಿಂದ ಯಾರೂ ಕಂಡಿಲ್ಲ, ಸುಟ್ಟುಹೋಯಿತೆಂದೇ ಎಲ್ಲರೂ ನಂಬಿದ್ದರು. ಪುಸ್ತಕವಾದರೋ ಮನೆಮನೆಯಲ್ಲಿತ್ತು. ಅಮ್ಮ ಒಲೆಯ ಮುಂದೆ ಕೂತು ಅದನ್ನೋದುತ್ತಾ ಎಷ್ಟು ಸಲ ಹಾಲು ಉಕ್ಕಿಸಿದಳೋ. ನನಗೂ ಬಾಯಿಪಾಠ.

ಸಾಹೇಬರಿಗೆ ಖುಷಿಗಿಂತ ಹೆದರಿಕೆ ಜಾಸ್ತಿ. ಈ ಜಾತಿಯ ಫಿಲ್ಮು ಕೆಟ್ಟರೆ ಸೆಕೆಗೆ ತಾನಾಗಿ ಹೊತ್ತಿಕೊಳ್ಳುತ್ತದೆ.

"ಮೇಡಂ, ಕಾಪಿ ಮಷೀನು ಶುಕ್ರವಾರದವರೆಗೆ ನಿಮ್ದು. ಕಾಪಿ ಆಗಿದ್ದು ಆಯ್ತು, ಆಗ್ದೆ ಇದ್ದದ್ದು ಡ್ರಮ್ಮಿಗೆ. ಮುಂದಿನ ಸೋಮವಾರ ಲಾರಿ ಬರತ್ತೆ."

ಹಿತ್ತಲಿನ ನೀರಿನ ಡ್ರಮ್ಮು. ಕೊಳೆತದ್ದನ್ನು ಅದರಲ್ಲಿ ಮುಳುಗಿಸಿಡುತ್ತೇವೆ, ಲಾರಿಯವರು ಊರಾಚೆ ಒಯ್ದು ಸುಡುತ್ತಾರೆ.

ಏಪ್ರಿಲ್ 8, ಮಂಗಳವಾರ

ಊಟಕ್ಕೆ ಕೂತಾಗ ಸುದ್ದಿ ಹೇಳಿದೆ. ಇವರು "ಹೌದಾ" ಎಂದು ಮತ್ತೆ ಪೇಪರಿನೊಳಗೆ ಹೋದರು. ಅತ್ತೆಯ ಕೈ ಮಾತ್ರ ತಟ್ಟೆಯಲ್ಲೇ ನಿಂತಿತು.

ಮಾವನವರು ಮೂಕಿ ಚಿತ್ರದ ಕಂಪನಿಯಲ್ಲಿ ಅಕ್ಷರ ಬರೆಯುತ್ತಿದ್ದವರು. ನಡುನಡುವೆ ಪರದೆಯ ಮೇಲೆ ಬರುವ ಮಾತುಗಳನ್ನು. ಅದು ಗೊತ್ತಿತ್ತು. ಈ ಚಿತ್ರಕ್ಕೂ ಅವರೇ ಬರೆದದ್ದೆಂದು ಇವತ್ತು ಗೊತ್ತಾಯಿತು. ಅತ್ತೆ ಮಾತ್ರ ಚಿತ್ರ ನೋಡಿಲ್ಲವಂತೆ. ಯಾಕೆ ಎಂದರೆ ತಟ್ಟೆ ಎತ್ತಿಕೊಂಡು ಎದ್ದರು.

ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತರು.

"ಅದ್ರಲ್ಲಿ ತೊಟ್ಲು ಬರತ್ತೇನಮ್ಮ?"

"ಮೊದಲನೇ ಅಧ್ಯಾಯದಲ್ಲೇ ಇದೆಯಲ್ಲ ಅತ್ತೆ. ಯಾಕೆ?"

"ಸುಮ್ನೆ ಕೇಳ್ದೆ."

ಅತ್ತೆ ಸುಮ್ಮನೆ ಕೇಳುವವರ ಪೈಕಿಯಲ್ಲ. ಉಪ್ಪು ಕೇಳಿದರೂ ಅದರಲ್ಲೊಂದು ತೀರ್ಪು ಇರುತ್ತದೆ.

ಏಪ್ರಿಲ್ 10, ಗುರುವಾರ

ಆರು ರೀಲು ಪಾರು. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕ್ರಮ ಹಿಡಿದೆ. ಉಳಿದದ್ದು ಮೊದಲನೆಯದು ಮತ್ತು ಕೊನೆಯದು. ಎರಡರ ಸುತ್ತುಗಳೂ ಕರಗಿದ ಬೆಲ್ಲದ ಹಾಗೆ ಅಂಟಿಕೊಂಡಿವೆ. ಒಂದನ್ನು ಬಿಡಿಸಿ ಕಾಪಿ ಮಾಡುವುದರಲ್ಲಿ ನಾಳೆಯ ದಿನ ಕಳೆಯುತ್ತದೆ. ಆಮೇಲೆ ಮಷೀನು ಇಲ್ಲ.

ಮೂಗಣ್ಣ ಎರಡನ್ನೂ ಮೂಸಿ ಕಣ್ಣೊರೆಸಿಕೊಂಡ. "ಯಾವುದಕ್ಕೆ ಜೀವ ಕೊಡ್ತೀಯ ಹೇಳಮ್ಮ. ಇನ್ನೊಂದನ್ನ ಹೀಗೇ ಇಟ್ಕೊಳೋ ಹಾಗಿಲ್ಲ. ಕಾವು ಏರ್ತಾ ಇದೆ."

ಕೊನೆಯ ರೀಲಿನ ಹೊರಸುತ್ತು ನೋಡಿದೆ. ಕಥಾನಾಯಕ ಊರೂರು ಅಲೆದು ಬಂದು ಖಾಲಿ ಮನೆಯ ಹೊಸ್ತಿಲ ಮೇಲೆ ಕೂತಿದ್ದಾನೆ. ಇನ್ನು ಪುಸ್ತಕದಲ್ಲಿ ಉಳಿದಿರುವುದು ಬೀಗ ಹಾಕಿ ಹೊರಟುಹೋಗುವುದೊಂದೇ. ಬೀಗ ನೋಡಲು ಯಾರು ಕಾದಿದ್ದಾರೆ? ಮೊದಲನೆಯದರಲ್ಲಿ ತೊಟ್ಟಿಲಿದೆ. ಅತ್ತೆ ಕೇಳಿದ ತೊಟ್ಟಿಲು.

ಮೊದಲನೆಯದು ಎಂದೆ. ಕೊನೆಯದನ್ನು ನಾನೇ ಡ್ರಮ್ಮಿಗೆ ಇಳಿಸಿದೆ. ಒಂದಷ್ಟು ಗುಳ್ಳೆ ಎದ್ದವು.

ಏಪ್ರಿಲ್ 12, ಶನಿವಾರ

ಮಧ್ಯಾಹ್ನ ಆಫೀಸಿನಲ್ಲೇ ಚಿತ್ರ ಹಾಕಿದೆವು. ಅತ್ತೆಯನ್ನು ಕರೆತಂದಿದ್ದೆ. ಮದುವೆಮನೆಗೆ ಹೊರಟವರಂತೆ ತಲೆ ಬಾಚಿಕೊಂಡು, ಕನ್ನಡಕ ಎರಡೆರಡು ಸಲ ಒರೆಸಿಕೊಂಡು ಬಂದರು.

ತೊಟ್ಟಿಲು ಬಂತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ತಾಯಿ ತೂಗುತ್ತಾಳೆ, ಬಗ್ಗುತ್ತಾಳೆ, ನಗುತ್ತಾಳೆ. ಒಳಗಿರುವುದು ಬಟ್ಟೆಯ ಗಂಟು. ಮಗುವೇ ಇಲ್ಲ. ಹಿಂದಿನಿಂದ ಮೂಗಣ್ಣ ನಕ್ಕ.

"ಇಷ್ಟೇನಾ?"

"ಇಷ್ಟೇ ಅತ್ತೆ."

ಕೈ ಬಿಟ್ಟರು. ಉಳಿದದ್ದನ್ನೆಲ್ಲ ಕದಲದೆ ನೋಡಿದರು. ದೀಪ ಹತ್ತಿದಾಗ ಒಂದೇ ಪ್ರಶ್ನೆ: "ಕೊನೇದೆಲ್ಲಿ?"

"ಕೆಟ್ಟುಹೋಗಿತ್ತು. ಅದ್ರಲ್ಲೇನೂ ಇರ್ಲಿಲ್ಲ ಅತ್ತೆ. ಬೀಗ ಹಾಕ್ಕೊಂಡು ಹೋಗ್ತಾನೆ, ಅಷ್ಟೇ."

ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು.

ಅದೇ ದಿನ, ಸಂಜೆ

ಒಣಗಿದ ಬಟ್ಟೆ ಮಡಿಸುತ್ತಾ ಹೇಳಿದರು, ನನ್ನ ಮುಖ ನೋಡದೆ.

"ನಿನ್ನ ಗಂಡನಿಗೆ ಒಬ್ಬ ಅಣ್ಣ ಇದ್ದ. ಇವನಿಗೆ ಅದು ಗೊತ್ತಿಲ್ಲ."

ಚೊಚ್ಚಲ ಮಗು. ಕಂಪನಿಯವರಿಗೆ ಒಂದು ಕೂಸು ಬೇಕಾಗಿತ್ತು, ಮಾವ ತಮ್ಮದನ್ನೇ ಕೊಡುತ್ತೇನೆಂದರು. ಚಿತ್ರ ತೆರೆಗೆ ಬರುವಷ್ಟರಲ್ಲಿ ಕೂಸು ಜ್ವರದಲ್ಲಿ ಹೋಗಿತ್ತು. ಅತ್ತೆ ಟಾಕೀಸಿನ ಕಡೆ ತಲೆ ಹಾಕಲಿಲ್ಲ. ಮಾವ ಒಬ್ಬರೇ ಹೋಗಿಬಂದು ಒಂದೇ ಮಾತು ಹೇಳಿದರಂತೆ: "ಕೊನೇಲಿ ಅವನು ಹೊಸ್ತಿಲ ಮೇಲೆ ಕೂತು ನೆನಪು ಮಾಡ್ಕೋತಾನೆ. ಆಗ ನಮ್ಮವನು ಬರ್ತಾನೆ."

"ಒಂದು ಫೋಟೋನೂ ಇಲ್ಲ ಕಣಮ್ಮ. ಮುಖ ಮರ್ತುಹೋಗಿದೆ. ಹೆತ್ತವಳು ಮರೆಯಲ್ಲ ಅಂತಾರೆ. ಮರೀತಾಳೆ."

"ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ?"

"ಮಗು ಇದೆಯಾ ಅಂತ ಕೇಳಿ, ಇಲ್ಲ ಅನ್ನಿಸ್ಕೊಂಡ್ರೆ ತಡ್ಕೊಳೋಕೆ ಆಗ್ತಿರ್ಲಿಲ್ಲ. ಅದಕ್ಕೇ ತೊಟ್ಲು ಅಂದೆ."

ಆ ನೆನಪು ಪುಸ್ತಕದಲ್ಲಿ ಇಲ್ಲ. ಎಲ್ಲೂ ಇಲ್ಲ. ಚಿತ್ರದವರು ತಾವೇ ಸೇರಿಸಿದ್ದು. ಪುಸ್ತಕ ಬಾಯಿಪಾಠ ಎಂಬ ಕೊಬ್ಬು ನನ್ನದು... ಡ್ರಮ್ಮಿಗೆ ಇಳಿಸಿದವಳು ನಾನೇ ಎಂದು ಹೇಳಿಬಿಟ್ಟೆ. ಅತ್ತೆ ಬಯ್ಯಲಿಲ್ಲ. ಮಡಿಸಿದ್ದ ಟವೆಲು ಬಿಚ್ಚಿ ಮತ್ತೆ ಮಡಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 13, ಭಾನುವಾರ

ಆಫೀಸಿಗೆ ಬೀಗ. ಸಾಹೇಬರ ಮನೆಗೆ ಹೋದೆ. ಕೀ ಕೊಡಲಿಲ್ಲ. "ನೀರಿಂದ ತೆಗೆದಿದ್ದು ಒಣಗಿದ್ರೆ ಕಟ್ಟಡನೇ ಹೋಗತ್ತೆ ಮೇಡಂ. ನಾಳೆ ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ." ಅವರದೇನೂ ತಪ್ಪಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಲ್ಲಿಂದ ಮೂಗಣ್ಣನ ಮನೆ. ಪೂರ್ತಿ ಕೇಳಿದ. "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದ್ಯಾ" ಎಂದ. ಆಮೇಲೆ ಸ್ವಲ್ಪ ಹೊತ್ತು ಮೂಗು ತಿಕ್ಕಿಕೊಂಡ.

"ಒಣಗಿಸ್ಬಾರ್ದು ತಾನೆ? ಒಣಗಿಸೋದು ಬೇಡ. ನೀರಲ್ಲೇ ಬಿಡಿಸೋಣ. ಗೇಟು ತೆಗ್ಯೋ ಹೊತ್ತಿಗೆ ಬಾ."

ಆದರೆ ನೀರಿನಲ್ಲಿ ನೆನೆದಷ್ಟೂ ಚಿತ್ರ ಫಿಲ್ಮಿನಿಂದ ಕೆನೆಯಂತೆ ಜಾರುತ್ತದೆ. ಇದನ್ನು ಅತ್ತೆಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. "ನಾಳೆ ನಾನೂ ಬರ್ತೀನಿ" ಎಂದರು, ಅಷ್ಟೇ.

ಏಪ್ರಿಲ್ 14, ಸೋಮವಾರ, 11 ಗಂಟೆ

ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ.

ಡ್ರಮ್ಮಿಗೆ ತೋಳುದ್ದ ಕೈ ಹಾಕಿ ತೆಗೆದೆವು. ಗಾಜಿನ ತಟ್ಟೆಯಲ್ಲಿ ನೀರು, ತಟ್ಟೆಯ ಕೆಳಗೆ ದೀಪ. ಮೂಗಣ್ಣ ಹಿಡಿದುಕೊಂಡ, ನಾನು ಬಿಡಿಸಿದೆ. ಹೊಸ್ತಿಲು... ಹೊಸ್ತಿಲು... ಆಮೇಲೆ ಬರೀ ಮಣ್ಣು. ಚಿತ್ರವೆಲ್ಲ ಕೆಸರಾಗಿ ಬೆರಳಿಗೆ ಹತ್ತಿತು. ಅದರಲ್ಲಿ ಮಗು ಇತ್ತೋ ಏನೋ, ಒರೆಸಿಕೊಳ್ಳಲು ಮನಸ್ಸು ಬರಲಿಲ್ಲ.

ಸಾಹೇಬರು ಬಂದರು. ಕೂಗಾಡುತ್ತಾರೆಂದುಕೊಂಡೆ. ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ಅತ್ತೆಯನ್ನು ನೋಡಿದರು, ನಮ್ಮನ್ನು ನೋಡಿದರು. "ಲಾರಿ ಬರೋವರ್ಗೆ" ಎಂದು ತಾವೇ ಒಂದು ಬಕೆಟ್ ನೀರು ತಂದಿಟ್ಟರು. ಲಾರಿ ಹೇಳಿದ್ದಕ್ಕಿಂತ ಮೊದಲೇ ಬಂತು. ಹಾರ್ನ್ ಮೇಲೆ ಹಾರ್ನ್. ನನ್ನ ಬೆರಳು ಓಡಲಿಲ್ಲ. ಸಾಹೇಬರು ಗೇಟಿಗೆ ಹೋಗಿ ಡ್ರೈವರಿಗೆ ಟೀ ಕೊಡಿಸಿದರಂತೆ. ಜನ್ಮದಲ್ಲಿ ಯಾರಿಗೂ ಕೊಡಿಸದವರು.

ಅಷ್ಟರಲ್ಲಿ ಸಿಕ್ಕಿತು. ಗೇಣುದ್ದದ ತುಂಡು. ಅಂಚೆಲ್ಲ ತಿಂದುಹೋಗಿದೆ, ನಡುವೆ ಮಗು. ಚಾಪೆಯ ಮೇಲೆ ಕೂತಿದೆ. ನಗುತ್ತಿದೆ. ನೀರಿನಲ್ಲಿಟ್ಟೇ ಮೂಗಣ್ಣ ಫೋಟೋದ ಮೇಲೆ ಫೋಟೋ ತೆಗೆದ.

ಅತ್ತೆಯನ್ನು ಕರೆದೆ. ಕೈಗೆ ಭೂತಕನ್ನಡಿ ಕೊಟ್ಟೆ. ಬಗ್ಗಿದರು. ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು. ಗುರುತು ಹತ್ತಲಿಲ್ಲವೇನೋ ಎಂದುಕೊಂಡೆ.

"ನೆಟ್ಟಗೆ ನೋಡೋ ಫ್ರೇಮು ಒಂದೂ ಸಿಗ್ಲಿಲ್ಲ ಅತ್ತೆ. ಎಲ್ಲದ್ರಲ್ಲೂ ಆ ಕಡೆನೇ ತಿರುಗಿದಾನೆ."

"ಆ ಕಡೆ ನಾನಿದ್ದೆ" ಎಂದರು. "ಕ್ಯಾಮೆರಾ ಪಕ್ಕದಲ್ಲಿ. ಗಿಲಕಿ ಆಡಿಸ್ತಾ ನಿಂತಿದ್ದೆ. ನನ್ನೇ ನೋಡ್ತಿದಾನೆ."

ಇನ್ನೂ ಎದ್ದಿಲ್ಲ. ಕುರ್ಚಿ ಹಾಕಿಕೊಟ್ಟು ಈಚೆ ಬಂದೆ. ಲಾರಿ ಹೊರಟುಹೋಯಿತು.

ಇವರ ಆಫೀಸಿಗೆ ಫೋನು ಮಾಡಬೇಕು. ಬೇಗ ಬನ್ನಿ ಎನ್ನಬೇಕು. ಯಾಕೆ ಎಂದು ಕೇಳೇ ಕೇಳುತ್ತಾರೆ. ಏನೆನ್ನಲಿ... ಇಲ್ಲಿ ನಿಮ್ಮಣ್ಣ—