ಬಾಯಿಗೆ ಬಾರದ ಕನ್ನಡ

೯ ಫೆಬ್ರವರಿ, ಭಾನುವಾರ. ಎಚ್.ಡಿ. ಕೋಟೆ

ಇವತ್ತು ನನ್ನ ನಾಲಿಗೆಯೇ ನನಗೆ ಮೋಸ ಮಾಡಿತು. ಹತ್ತು ವರ್ಷದ ಹಿಂದೆ ಇಂಗ್ಲೆಂಡಿನಿಂದ ಬಂದಿದ್ದ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕನ್ನಡ ಕಲಿಸಿದವರು ಅಂತರಸಂತೆಯ ಮಲ್ಲಾಜಮ್ಮ. ಇಂದು ಮತ್ತೆ ಅವರ ಮನೆಗೆ ಹೋದೆ. ನನ್ನ ಕೈ ಹಿಡಿದುಕೊಂಡು, “ನಮ್ಮೆಜಮಾನ್ರು ಓಗ್ಬುಟ್ರು ಕಣವ್ವ. ಕೊನೇಗಂಟ ನಿನ್ನೇ ಕೇಳ್ತಿದ್ರು” ಎಂದರು.

ಸಮಾಧಾನ ಹೇಳಲು ಬಾಯಿ ತೆರೆದರೆ ಆಮೇಲೆ ಕಲಿತ ಸ್ಪ್ಯಾನಿಷ್ ಬಂತು. ಕೊನೆಗೆ ಬರೀ ‘ಸಾರಿ’ ಅಂದೆ.

ಅವರು ಕೈ ಬಿಟ್ಟರು. ಮಗಳು ರಾಣಿಯ ಕಡೆ ತಿರುಗಿ, “ಇವ್ಳಿಗೆ ನಮ್ ಮಾತು ಮರ್ತೋಗದೆ. ಕಾಫಿ ಕೊಟ್ಟು ಕಳ್ಸು ಬುಡು” ಎಂದರು. ಅಷ್ಟೂ ನನಗೆ ಅರ್ಥವಾಯಿತು.

ಈಗ ಲಾಡ್ಜಿನಲ್ಲಿ ಬರೆಯಲು ಕೂತರೆ ಮಾತೆಲ್ಲ ತಾನಾಗಿ ಬರುತ್ತಿದೆ. ಆಗ ಎಲ್ಲಿ ಹೋಗಿತ್ತು?

‘ಅವ್ರು ನಂಗೂ ಅಪ್ಪನೇ ಕಣವ್ವ.’ ಇಷ್ಟು ಅಂದಿದ್ದರೆ ಸಾಕಿತ್ತು.