ಎಳೆ ಬೇರೆ, ನೂಲು ಬೇರೆ

ಲಾಡ್ಜಿನ ಕೆಳಮನೆ,
ಏಪ್ರಿಲ್ 19, ಭಾನುವಾರ ಮಧ್ಯಾಹ್ನ

ಅಣ್ಣನಿಗೆ ತಂಗಿಯ ನಮಸ್ಕಾರ.

ಪ್ರತಿ ಸಲ ‘ಪ್ರೀತಿಯ ಅಣ್ಣಾ’ ಎಂದು ಶುರು ಮಾಡುತ್ತಿದ್ದೆ. ಈ ಸಲ ಆ ಪದಕ್ಕೆ ಪೆನ್ನು ಏಳಲಿಲ್ಲ. ಅದು ಇದೆ ಎಂದುಕೊಂಡೇ ಓದು. ನಿನ್ನ ಹಲ್ಲುನೋವು ಹೇಗಿದೆ? ಮುಂದಿನ ಬಂದರಿನಲ್ಲಿ ಕೀಳಿಸುತ್ತೇನೆ ಎಂದು ಬರೆದಿದ್ದೆ. ಕೀಳಿಸಿದೆಯೋ, ಇಲ್ಲ ಹಡಗಿನ ಎಂಜಿನ್ ಕೋಣೆಯಲ್ಲಿ ಲವಂಗ ಕಚ್ಚಿಕೊಂಡು ಕುಳಿತಿದ್ದೀಯೋ? ಅಷ್ಟು ದೊಡ್ಡ ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಹಲ್ಲಿನ ಡಾಕ್ಟರೆಂದರೆ ಕೈಕಾಲು ನಡುಗುತ್ತದೆ ಎಂದು ಅಮ್ಮ ನಗುತ್ತಾಳೆ. ಅಮ್ಮನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಮೆಟ್ಟಿಲು ಕಟ್ಟಿದವನನ್ನು ಬಯ್ಯುತ್ತಾಳೆ, ಇಳಿಯುವಾಗ ಸುಮ್ಮನಿರುತ್ತಾಳೆ. ಹೊಲಿಗೆ ಯಂತ್ರವನ್ನಂತೂ ಬಿಟ್ಟಿಲ್ಲ. ನಾನು ಚೆನ್ನಾಗಿದ್ದೇನೆ. ಸಿಟ್ಟು ಬಂದಾಗ ನನ್ನ ಆರೋಗ್ಯ ಯಾವತ್ತೂ ಚೆನ್ನಾಗಿರುತ್ತದೆ, ನಿನಗೆ ಗೊತ್ತಿರುವುದೇ.

ನಿನ್ನ ಹಿಂದಿನ ಕಾಗದ ತಲುಪಿತು. ಗೆಳೆಯ ಬುಗುರಿಯನ್ನು ಲಾಡ್ಜಿಗೆ ಪಾಲುದಾರನಾಗಿ ಸೇರಿಸಿಕೊಳ್ಳೋಣ, ಕರಾರುಪತ್ರ ಅವನೇ ತರುತ್ತಾನೆ, ಕಣ್ಣು ಮುಚ್ಚಿ ಸಹಿ ಹಾಕು ಎಂದು ಬರೆದಿದ್ದೀಯ. ಅಪ್ಪ ಲಾಡ್ಜನ್ನು ನಮ್ಮಿಬ್ಬರ ಹೆಸರಿಗೂ ಬರೆದಿಟ್ಟು ಹೋದದ್ದರಿಂದ ನನ್ನ ಸಹಿ ಬೇಕಾಗಿದೆ. ಇಲ್ಲದಿದ್ದರೆ ನನ್ನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ನೀನು ವಿಚಾರಿಸುತ್ತಲೂ ಇರಲಿಲ್ಲ. ‘ನಿನಗೊಬ್ಬಳಿಗೇ ಕಷ್ಟ ಆಗಬಾರದು’ ಎಂಬ ಸಕ್ಕರೆಮಾತು ಬೇರೆ. ಅಪ್ಪ ಹೋದಾಗಿನಿಂದ ಈ ಲಾಡ್ಜಿನ ಬೀಗದ ಕೈ ನನ್ನ ಸೊಂಟದಲ್ಲಿದೆ, ಕಷ್ಟ ಎಂದು ನಾನು ಯಾವಾಗ ಹೇಳಿದ್ದೆ? ಇರಲಿ. ಕರಾರುಪತ್ರ ಬಂದಿದೆ, ಎದುರಿನ ಮೇಜಿನ ಮೇಲಿದೆ. ಅದರ ಉತ್ತರಕ್ಕೆ ಮುಂಚೆ ನೀನು ಬೆಡ್‌ಶೀಟಿನ ವಿಷಯ ಓದಬೇಕು. ಹಾರಿಸಿಕೊಂಡು ಓದಬೇಡ.

ನಿನ್ನ ಶಾಲೆಯ ಗೆಳೆಯ ಬುಗುರಿ ಮೊದಲು ಪರದೆ ಮಾರಿದ, ಆಮೇಲೆ ಹಾಸಿಗೆ, ಈಗ ಬೆಡ್‌ಶೀಟಿನ ಸಗಟು ವ್ಯಾಪಾರಿ. ನಿಂತಲ್ಲಿ ನಿಲ್ಲದವನಿಗೆ ನಾವು ಇಟ್ಟ ಹೆಸರು ಈಗಲೂ ಸರಿಯಾಗಿದೆ. ನೀನು ರಜೆಯಲ್ಲಿದ್ದಾಗಲೇ ಮಾತಾಡಿ ಮುಗಿಸಿದ್ದೆ, ನೀನು ಹಡಗು ಹತ್ತಿದ ಮೇಲೆ ಮಾಲು ಬಂತು. ಎಲ್ಲ ಕೋಣೆಗೂ ಹೊಸ ಬೆಡ್‌ಶೀಟು, ದಿಂಬಿನ ಕವರು. ಒಂದೊಂದು ಪೊಟ್ಟಣದ ಮೇಲೂ ಹೊಳೆಯುವ ಲೇಬಲ್: ‘ಸಾವಿರ ಎಳೆ. ಅಪ್ಪಟ ಹತ್ತಿ.’ ಬುಗುರಿ ಕೌಂಟರಿನ ಮೇಲೆ ಒಂದನ್ನು ಬಿಚ್ಚಿ ಹರಡಿ, “ಕೈ ಇಟ್ಟು ನೋಡಿ ಅಕ್ಕಾ, ಕೈ ಜಾರಿ ಬಿದ್ದು ಹೋಗತ್ತೆ” ಎಂದ. ನಿನ್ನ ವಯಸ್ಸಿನವನು ನನ್ನನ್ನು ಅಕ್ಕಾ ಎನ್ನುವುದು ವ್ಯಾಪಾರದ ಗೌರವ. ಕೈ ಇಟ್ಟೆ, ಜಾರಿತು. ಹಳೆಯವನ್ನು ತೆಗೆದು ಅಮ್ಮ ಮಹಡಿಯ ಟ್ರಂಕಿಗೆ ತುಂಬಿದಳು. ನೀನು ಹೇಳಿ ಕಳಿಸಿದ್ದೆಯಲ್ಲ, ಅದರಂತೆ ಹೊರಬಾಗಿಲಿಗೆ ಬೋರ್ಡನ್ನೂ ಹಾಕಿಸಿದೆ: ‘ನಮ್ಮಲ್ಲಿ ಸಾವಿರ ಎಳೆಯ ಹಾಸಿಗೆ.’ ಬೀದಿಯ ಆ ಕಡೆಯಿಂದಲೂ ಕಾಣುವಷ್ಟು ದಪ್ಪ ಅಕ್ಷರ.

ನಾಲ್ಕು ಸಲ ಒಗೆಯುವಷ್ಟರಲ್ಲಿ ಆ ಜಾರಿಕೆ ನೀರಿನ ಜೊತೆ ಮೋರಿ ಸೇರಿತು. ಹೊಸ ಬಟ್ಟೆಗೆ ಹಚ್ಚಿ ಕಳಿಸಿದ್ದ ಮೇಣವೋ ಏನೋ, ಅದಷ್ಟೂ ಹೋದ ಮೇಲೆ ಒಳಗಿನ ಬಟ್ಟೆ ಹೊರಗೆ ಬಂತು. ಒದ್ದೆಯಾದರೆ ಎತ್ತಲಾಗದ ಭಾರ. ಹಿತ್ತಲಿನ ಹಗ್ಗ ನೆಲಕ್ಕೆ ಜಗ್ಗುತ್ತದೆ, ಬೆಳಿಗ್ಗೆ ಹಾಕಿದ್ದು ಸಂಜೆಗೂ ಒಣಗುವುದಿಲ್ಲ. ನಮ್ಮ ಒಗೆಯುವಾಕೆ ಸೊಂಟ ಹಿಡಿದುಕೊಂಡು, “ಇದೇನಮ್ಮಾ, ಬೆಡ್‌ಶೀಟೋ ಜಮಖಾನೆಯೋ? ಸಂಬಳ ಜಾಸ್ತಿ ಮಾಡಿ, ಇಲ್ಲ ಇನ್ನೊಬ್ಬಳನ್ನ ಕೊಡಿ” ಎಂದಳು. ಬೆನ್ನು, ಹಿಮ್ಮಡಿ ಉಜ್ಜುವ ಜಾಗದಲ್ಲೆಲ್ಲ ನೂಲಿನ ಸಣ್ಣ ಸಣ್ಣ ಉಂಡೆಗಳೆದ್ದವು. ಅಷ್ಟೊತ್ತಿಗೆ ಬೇಸಿಗೆ ಬಂತು. ಔಷಧಿ ಕಂಪನಿಯ ಪ್ರತಿನಿಧಿ, ನಾವು ಮಾತ್ರೆಯಣ್ಣ ಎನ್ನುತ್ತೇವಲ್ಲ, ಪ್ರತಿ ತಿಂಗಳೂ ಬಂದು ಮೂರನೇ ನಂಬರಿನಲ್ಲೇ ಉಳಿಯುವವರು, ಅವರು ಬೆಳಿಗ್ಗೆ ಕೌಂಟರಿಗೆ ಬಂದು ಬೀಗದ ಕೈ ಇಟ್ಟು, “ಓನರಮ್ಮಾ, ಸಾವಿರ ಎಳೆ ಇಟ್ಟಿದ್ದೀರಿ ಸರಿ, ಗಾಳಿ ಬರೋಕೆ ಅಂತ ಒಂದೆರಡು ಎಳೆ ಕಮ್ಮಿ ಮಾಡಬಾರದಿತ್ತಾ? ನಾನು ನೆಲದ ಮೇಲೆ ಮಲಗಿದ್ದೆ” ಎಂದರು. ನಗುತ್ತಲೇ ಹೇಳಿದರು. ಹೋದ ತಿಂಗಳು ಅವರು ಊರಿಗೆ ಬಂದಿದ್ದರು, ಔಷಧಿ ಅಂಗಡಿಯಲ್ಲಿ ನಾನೇ ಕಂಡೆ. ನಮ್ಮಲ್ಲಿಗೆ ಬರಲಿಲ್ಲ. ಕಣ್ಣು ತಪ್ಪಿಸಿ ಹೋದರು. ಬಯ್ದು ಹೋಗಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡೆ. ನಾನು ಪತ್ರಿಕೆಯನ್ನು ಮೊದಲ ಅಕ್ಷರದಿಂದ ಮುದ್ರಕರ ಹೆಸರಿನವರೆಗೆ ಓದುವವಳು. ಗ್ರಾಹಕರ ಅಂಕಣದಲ್ಲಿ ಈ ಲೆಕ್ಕ ಬಂದಿದ್ದ ನೆನಪಿತ್ತು. ವಾಚನಾಲಯದಲ್ಲಿ ಹುಡುಕಿ ಮತ್ತೊಮ್ಮೆ ಓದಿಕೊಂಡು ಬಂದಿದ್ದೆ. ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ನೂಲು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಹಾಸುಹೊಕ್ಕು ಎಂದು ಬಾಯಿಮಾತಿಗೆ ಅನ್ನುತ್ತಿರುತ್ತೇವಲ್ಲ, ಅದೇ. ಒಂದು ಅಂಗುಲ ಚೌಕದಲ್ಲಿ ಹಾಸಿನ ನೂಲೆಷ್ಟು, ಹೊಕ್ಕಿನ ನೂಲೆಷ್ಟು ಎಣಿಸಿ ಕೂಡಿದರೆ ಬರುವುದೇ ಆ ಸಂಖ್ಯೆ. ಇಷ್ಟೇ ವಿದ್ಯೆ. ಬುಗುರಿಯ ಬೆಡ್‌ಶೀಟಿನ ಮೂಲೆಯಿಂದ ಒಂದಂಗುಲ ಚೌಕ ಕತ್ತರಿಸಿ, ಅಮ್ಮನ ಕಪ್ಪು ಶಾಲಿನ ಮೇಲಿಟ್ಟು, ಸೂಜಿಯಿಂದ ಒಂದೊಂದೇ ನೂಲು ಬಿಡಿಸಿದೆ. ಹಾಸು ನೂರ ನಲವತ್ತು, ಹೊಕ್ಕು ನೂರ ಹತ್ತು. ಕೂಡಿದರೆ ಇನ್ನೂರೈವತ್ತು. ಎಣಿಕೆ ತಪ್ಪಿತೇನೋ ಎಂದು ಇನ್ನೊಂದು ಮೂಲೆ ಕತ್ತರಿಸಿದೆ. ಅಷ್ಟೇ. ಸಾವಿರದಲ್ಲಿ ಮುಕ್ಕಾಲು ಪಾಲು ಎಲ್ಲಿಗೆ ಹೋಯಿತು? ಅಮ್ಮ ಸೂಜಿಗೆ ದಾರ ಪೋಣಿಸಲು ಇಟ್ಟುಕೊಂಡಿರುವ ಭೂತಗನ್ನಡಿಯಲ್ಲಿ ಒಂದು ನೂಲನ್ನು ನೋಡಿ ತಿರುಚು ಬಿಚ್ಚಿದೆ. ನಾಲ್ಕು ಎಳೆಯಾಗಿ ಬಿಚ್ಚಿಕೊಂಡಿತು. ನಾಲ್ಕು ಎಳೆ ಹೊಸೆದು ಒಂದು ನೂಲು ಮಾಡಿದ್ದಾರೆ, ಎಣಿಸುವಾಗ ಮಾತ್ರ ಆ ಒಂದನ್ನು ನಾಲ್ಕು ಎಂದಿದ್ದಾರೆ. ನಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಒಬ್ಬೊಬ್ಬರ ಕೈಕಾಲನ್ನೂ ಬೇರೆ ಬೇರೆ ಎಣಿಸಿ ಹನ್ನೆರಡು ಜನ ಎಂದ ಹಾಗೆ.

ಆಮೇಲೆ ಟ್ರಂಕಿನಿಂದ ಹಳೆಯ ಬೆಡ್‌ಶೀಟು ತೆಗೆದು ಅದರದ್ದೂ ಎಣಿಸಿದೆ. ಹಾಸು ನೂರೈವತ್ತು, ಹೊಕ್ಕು ನೂರ ಮೂವತ್ತು. ಇನ್ನೂರೆಂಬತ್ತು, ಪ್ರತಿಯೊಂದೂ ಒಂಟಿ ಎಳೆಯ ಸಣ್ಣ ನೂಲು. ಅಂದರೆ ನಾವು ಹಳತೆಂದು ತೆಗೆದಿಟ್ಟಿದ್ದು ಇದಕ್ಕಿಂತ ಒತ್ತಾದ, ತೆಳುವಾದ ಬಟ್ಟೆ. ಅದಕ್ಕೆ ಲೇಬಲ್ ಇರಲಿಲ್ಲ, ಅಷ್ಟೇ. ಹತ್ತಿ ಎಂದು ಬರೆದದ್ದು ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ದಾರ ಸುಟ್ಟು ನೋಡಿದೆ, ಕಾಗದ ಸುಟ್ಟ ವಾಸನೆಯೇ ಬಂತು, ಪ್ಲಾಸ್ಟಿಕ್ಕಿನಂತೆ ಉಂಡೆಗಟ್ಟಲಿಲ್ಲ. ಆದರೆ ಹತ್ತಿಯಲ್ಲೂ ಹತ್ತಿ ಇದೆ. ನಾರು ಉದ್ದವಿದ್ದರೆ ನೂಲು ಸಣ್ಣಗೆ, ನಯವಾಗಿ ಬರುತ್ತದೆ, ಹೊಸೆದು ದಪ್ಪ ಮಾಡುವ ಅಗತ್ಯವಿಲ್ಲ. ಗಿಡ್ಡ ನಾರಿಗೆ ತುದಿಗಳೇ ಜಾಸ್ತಿ, ಉಜ್ಜಿದಷ್ಟೂ ಆ ತುದಿಗಳು ಹೊರಬಂದು ಉಂಡೆಯಾಗುತ್ತವೆ. ನೇಯ್ಗೆಯೂ ಬೇರೆ. ನಮ್ಮ ಹಳೆಯದು ಒಂದರ ಮೇಲೆ, ಒಂದರ ಕೆಳಗೆ ಹೋಗುವ ಸಾದಾ ನೇಯ್ಗೆ, ಮಲಗಿದರೆ ತಣ್ಣಗಿರುತ್ತದೆ. ಇವನದ್ದು ನೂಲನ್ನು ನಾಲ್ಕರ ಮೇಲೆ ತೇಲಿಸಿ ಒಂದರ ಕೆಳಗೆ ನುಗ್ಗಿಸಿದ್ದು. ಅಂಗಡಿಯ ದೀಪಕ್ಕೆ ಹೊಳೆಯುತ್ತದೆ, ಮೈಗೆ ಕಾವು ಹಿಡಿಯುತ್ತದೆ. ಚಳಿಯ ಊರಿನವರಿಗೆ ಅದು ಹಿತವೇ ಇರಬಹುದು, ಆ ನೇಯ್ಗೆಯನ್ನು ನಾನು ದೂರುವುದಿಲ್ಲ. ಆದರೆ ಸಂಖ್ಯೆ ದೊಡ್ಡದಾದರೆ ಬಟ್ಟೆ ಒಳ್ಳೆಯದು ಎಂದು ಹೇಳಿದವನನ್ನು ದೂರುತ್ತೇನೆ. ಒಂಟಿ ಎಳೆಯಲ್ಲಿ ಇನ್ನೂರರಿಂದ ನಾನೂರರೊಳಗೆ ಸಿಕ್ಕರೆ ಕಣ್ಣಿಗೊತ್ತಿಕೊಂಡು ತರಬಹುದು. ಅದಕ್ಕಿಂತ ತುಂಬಾ ಮೇಲೆ ಹೋದರೆ ಎಣಿಸಿದ್ದು ಏನನ್ನು ಎಂದು ಮೊದಲು ಕೇಳಬೇಕು.

ನಾನು ಕೇಳಿದೆ. ಕರಾರುಪತ್ರ ಹಿಡಿದು ಬುಗುರಿ ಗುರುವಾರ ಬಂದಿದ್ದ. ಕಪ್ಪು ಶಾಲಿನ ಮೇಲೆ ನೂಲುಗಳನ್ನು ಸಾಲಾಗಿ ಜೋಡಿಸಿ ಅವನ ಮುಂದಿಟ್ಟೆ. ಅವನು ಬೆವರಲೂ ಇಲ್ಲ, ನಾಚಲೂ ಇಲ್ಲ. “ಅಕ್ಕಾ, ಲೇಬಲ್ ಓದಿ. ಸಾವಿರ ನೂಲು ಅಂತ ಎಲ್ಲಾದರೂ ಇದೆಯಾ? ಎಳೆ ಅಂತ ಇದೆ. ಇನ್ನೂರೈವತ್ತನ್ನ ನಾಲ್ಕರಿಂದ ಗುಣಿಸಿ. ಒಂದು ಕಮ್ಮಿ ಬಂದರೂ ನನ್ನ ಕಿವಿ ಹಿಡೀರಿ” ಎಂದ. ನೋಡು ಅಣ್ಣಾ, ಒಂದು ಪದದ ಸಂದಿಯಲ್ಲಿ ಏಳುನೂರೈವತ್ತು ನೂಲನ್ನು ಬಚ್ಚಿಟ್ಟಿದ್ದಾನೆ. ಎಳೆ ಎಂದರೆ ದಾರ ಎಂದೇ ನಾವೆಲ್ಲ ಓದುತ್ತೇವೆ, ಹಾಗೆ ಓದಲಿ ಎಂದೇ ಆ ಪದ ಹಾಕಿದ್ದು. “ಈ ಚಾಲಾಕಿಗೆ ನಿನಗೆ ಬಹುಮಾನ ಕೊಡಬೇಕು” ಎಂದೆ. ಅವನು ಮುಖ ಅರಳಿಸಿ, “ಅಯ್ಯೋ, ನನಗೆಲ್ಲಿಂದ ಬರಬೇಕು ಅಷ್ಟು ಬುದ್ಧಿ? ಆ ಪದ ನಿಮ್ಮಣ್ಣಂದು. ನೂಲು ಅಂದ್ರೆ ಸಿಕ್ಕಿಹಾಕ್ಕೋತೀಯ, ಎಳೆ ಅನ್ನು ಅಂದರು. ನಿನ್ನ ತಂಗಿ ಕೇಳಿದ್ರೆ ಅಂದೆ. ಅವಳು ಪೇಪರ್ ಓದೋಳು ಕಣೋ, ಅಚ್ಚಾಗಿದ್ದನ್ನೆಲ್ಲ ನಂಬ್ತಾಳೆ ಅಂದರು” ಎಂದು ಹೇಳಿ ತಾನೇ ನಕ್ಕ. ನನಗೆ ಗೊತ್ತಿರಲಿಲ್ಲ ಎಂಬುದು ನಗು ಮುಗಿದ ಮೇಲೆ ಅವನಿಗೆ ಹೊಳೆಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಬುಗುರಿಯ ಮೇಲಿನ ಸಿಟ್ಟು ಅವತ್ತೇ ಇಳಿಯಿತು. ಅವನು ಮಾರುವವನು, ಮಾರಿದ. ನೀನು? ಹಡಗಿನಲ್ಲಿ ಒಂದು ಬೋಲ್ಟು ಅರ್ಧ ಸುತ್ತು ಸಡಿಲ ಬಿಟ್ಟ ಕಿರಿಯನನ್ನು ಎಂಜಿನ್ ಕೋಣೆಯಿಂದಲೇ ಹೊರಗೆ ಹಾಕಿಸಿದೆ ಎಂದು ಹೆಮ್ಮೆಯಿಂದ ಬರೆದಿದ್ದೆಯಲ್ಲ! ಅಲ್ಲಿ ಅರ್ಧ ಸುತ್ತಿಗೆ ಬೆಲೆ ಇದೆ, ಇಲ್ಲಿ ತಂಗಿಗೆ ನಾಲ್ಕು ಪಟ್ಟು ಸುಳ್ಳು ನಡೆಯುತ್ತದೆಯೇ? ಆ ಬೋರ್ಡಿನ ಕೆಳಗೆ ದಿನವಿಡೀ ಕುಳಿತವಳು ನಾನು. ಬಂದವರಿಗೆಲ್ಲ ‘ಸಾವಿರ ಎಳೆ’ ಎಂದು ಬಾಯಿತುಂಬ ಹೇಳಿದವಳು ನಾನು. ಮಾತ್ರೆಯಣ್ಣ ಕಣ್ಣು ತಪ್ಪಿಸಿದ್ದು ನನ್ನಿಂದ, ನಿನ್ನಿಂದಲ್ಲ. ಎಲ್ಲರೂ ಹೀಗೇ ಎಣಿಸುತ್ತಾರೆ ಎಂದು ನೀನು ಬರೆಯುತ್ತೀಯ, ಗೊತ್ತು. ಎಲ್ಲರ ಬೋರ್ಡನ್ನೂ ನಾನು ಓದಬಹುದು, ಎಲ್ಲರನ್ನೂ ಬಯ್ಯಬಹುದು, ಆದರೆ ಎಲ್ಲರೂ ನನ್ನ ಅಣ್ಣನಲ್ಲ. ಅಚ್ಚಾದದ್ದನ್ನು ನಂಬುತ್ತೇನೆ, ನಿಜ. ಅಚ್ಚು ಹಾಕುವವನಿಗೆ ಮಾನ ಇರುತ್ತದೆ ಎಂದು ಎಣಿಸಿ ನಂಬುತ್ತೇನೆ. ಅದು ನನ್ನ ದಡ್ಡತನ ಎಂದು ನೀನು ಗೆಳೆಯನ ಜೊತೆ ನಕ್ಕೆ. ಬಟ್ಟೆ ಕೆಟ್ಟದ್ದಕ್ಕೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಬೋರ್ಡು ಇಳಿಸಿದ್ದೇನೆ. ಹಳೆಯ ಬೆಡ್‌ಶೀಟುಗಳು ಮತ್ತೆ ಮಂಚ ಏರಿವೆ. ನಡುವೆ ಸವೆದವನ್ನು ಅಮ್ಮ ಉದ್ದಕ್ಕೆ ಎರಡಾಗಿ ಹರಿದು, ಗಟ್ಟಿ ಅಂಚುಗಳನ್ನು ನಡುವಿಗೆ ತಂದು ಕೂಡಿಸಿ ಹೊಲಿಯುತ್ತಿದ್ದಾಳೆ. ಬೆನ್ನಿಗೆ ಹೊಲಿಗೆ ಸಿಗುತ್ತದೆ ಎಂದು ಬಂದವರಿಗೆ ಮೊದಲೇ ಹೇಳುತ್ತೇನೆ. ಅಮ್ಮ ಮೊದಲು ನನ್ನನ್ನೇ ತಡೆದಳು: “ದೂರ ಇರೋನಿಗೆ ಬೈಗುಳ ಕಳಿಸಬೇಡ್ವೇ, ಒಬ್ಬನೇ ಕೂತು ಓದ್ತಾನೆ.” ನೀನು ನನ್ನ ಬಗ್ಗೆ ಆಡಿದ ಮಾತನ್ನು ಹೇಳಿದೆ. ಯಂತ್ರ ನಿಲ್ಲಿಸಿದಳು. “ಬರಿ. ನಾನೂ ಹೇಳ್ದೆ ಅಂತ ಸೇರಿಸಿ ಬರಿ” ಎಂದು ಮತ್ತೆ ಹೊಲಿಯತೊಡಗಿದಳು.

ಹಲ್ಲು ಕೀಳಿಸಿಕೋ, ಮುಂದೂಡಬೇಡ. ಬಿಸಿ ಎಂಜಿನ್ನಿನ ಪಕ್ಕದಿಂದ ಬಂದು ಗಾಳಿಗೆ ಎದೆಯೊಡ್ಡಿ ನಿಲ್ಲಬೇಡ. ನಿನಗೆ ರೊಟ್ಟಿ ಎತ್ತಿಡುವ ಆ ಹಡಗಿನ ಅಡುಗೆಯಾತನಿಗೆ ನನ್ನ ನೆನಪು ಹೇಳು, ಆತನ ಮಗಳು ಪಾಸಾದಳೇ ಎಂದು ಕೇಳಿ ಬರೆ. ಅಮ್ಮನ ಆಶೀರ್ವಾದ ಎಂದಿನಂತೆ ಇದೆ, ಅದರಲ್ಲಿ ಅವಳು ಎಳೆ ನೂಲು ಎಣಿಸುವುದಿಲ್ಲ.

ಇಂತಿ,
ಅಚ್ಚಾದದ್ದನ್ನೆಲ್ಲ ನಂಬುವ
ನಿನ್ನ ತಂಗಿ

ಮ.ಸೂ., ಸೋಮವಾರ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕರಾರುಪತ್ರಕ್ಕೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಬುಗುರಿಗೆ ಹೇಳಿಯಾಗಿದೆ, ಅವನು ಇನ್ನೊಂದು ಗಾಡಿ ಮಾಲು ಕಳಿಸಿದ್ದನ್ನೂ ಹಾಗೇ ವಾಪಸು ಕಳಿಸಿದ್ದೇನೆ. ನಿನಗೆ ಅವನೇ ಬೇಕೆಂದರೆ ಬಂದು ಎದುರಿಗೆ ನಿಂತು ಹೇಳು, ಲಾಡ್ಜನ್ನು ನಡುವೆ ಗೋಡೆ ಹಾಕಿ ಭಾಗ ಮಾಡೋಣ. ಅವನ ಬೆಡ್‌ಶೀಟುಗಳನ್ನೆಲ್ಲ ನೆಲ ಒರೆಸಲು ಹರಿದಿದ್ದೇನೆ. ಒಂದನ್ನು ಮಾತ್ರ ಒಗೆದು ಇಸ್ತ್ರಿ ಮಾಡಿ ಎತ್ತಿಟ್ಟಿದ್ದೇನೆ. ನೀನು ರಜೆಗೆ ಬಂದಾಗ ನಿನ್ನ ಮಂಚಕ್ಕೆ ಅದೇ. ಸೆಕೆ ಅಂತ ನನ್ನನ್ನು ಕರೆಯಬೇಡ, ಎಳೆ ಎಣಿಸುತ್ತಾ ಮಲಗು.