ಹಿಂದಿನ ಸೀಟು

ಶನಿವಾರ, ಮಾರ್ಚ್ ೧೪

ಈ ಮನೆಯ ಹಿರಿಯಳು ನಾನು. ನನ್ನನ್ನು ಕೇಳದೆ ಇಲ್ಲಿ ಯಾರೂ ಗೋಡೆಗೊಂದು ಮೊಳೆ ಹೊಡೆಯುವುದಿಲ್ಲ. ಹಾಗಿದ್ದೂ ಇವತ್ತು ಕಾರಿನ ಹಿಂದಿನ ಸೀಟು ಹಜಾರದಲ್ಲಿ ಬಿದ್ದಿತ್ತು. ದಿನಾ ಆಫೀಸಿಗೆ ಓಡಿಸುವ ಕಾರನ್ನು ಮಗ ರೇಸಿನ ಕಾರು ಮಾಡಲು ಹೊರಟಿದ್ದಾನೆ.

"ಏನೋ ಇದು?"

"ಭಾರ ಇಳಿದ್ರೆ ಕಾರು ಚುರುಕಾಗತ್ತಮ್ಮ. ಇಂಜಿನ್ ಮುಟ್ಟೋಕೆ ದುಡ್ಡೆಲ್ಲಿದೆ? ಇದಾದ್ರೆ ಪೈಸೆ ಖರ್ಚಿಲ್ಲ."

"ಸೋಮವಾರ ಕಣ್ಣಿನ ಆಸ್ಪತ್ರೆಗೆ ಹೋಗುವಾಗ ನೀನೂ ನಿನ್ನ ಹೆಂಡತಿಯೂ ಮುಂದೆ ಕೂತ್ರೆ, ನಾನೆಲ್ಲಿ ಕೂರಲಿ?"

"ನಿನಗೆ ಬಾಡಿಗೆ ಕಾರು ಹೇಳ್ತೀನಿ."

ಅಂದರೆ ಅವನು ಇಳಿಸಿದ ಭಾರ ನಾನೇ. ಎಷ್ಟು ಸಲೀಸಾಗಿ ಹೇಳಿಬಿಟ್ಟ.

ಸೊಸೆ ಸ್ಪ್ಯಾನರ್ ತಂದು ನನ್ನ ಕೈಗಿಟ್ಟಳು. ಅದನ್ನು ಮಗನಿಗೆ ಕೊಟ್ಟು, ಸೀಟನ್ನು ಮತ್ತೆ ಕಾರಿಗೆ ಜೋಡಿಸು ಅಂದೆ. ಅವನು ಕೊನೆಯ ಬೋಲ್ಟ್ ಬಿಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಆ ಸೀಟಿನ ನಟ್ಟನಡುವೆ ಹೋಗಿ ಕೂತು ನೋಡಿದೆ.

ಕಾರಿನ ಕೀಲಿ ಈಗ ನನ್ನ ದಿಂಬಿನಡಿ ಇದೆ.